ಬದರಿಯ ದಾರಿಯಲ್ಲಿ ಒಂದು ಕವಲು: ಹೇಮಕುಂಡ ಸಾಹಿಬ್‌ಗೆ ಏಳು ದಿನ

ಬದರಿಗೆ ಹೋಗಿಬಂದವರು ಕರ್ನಾಟಕದ ಊರೂರಲ್ಲೂ ಸಿಗುತ್ತಾರೆ. ಮಧ್ವಾಚಾರ್ಯರು ಹೋದ ಬದರಿ ಎಂದು ಹೋದವರು, ಚಾರ್‌ಧಾಮ್ ಬಸ್ಸಿನಲ್ಲಿ ಹೋದವರು, ನಿವೃತ್ತಿಯಾದ ವರ್ಷವೇ ಹೊರಟವರು. ಜೋಶಿಮಠ ದಾಟಿ ಸುಮಾರು ಇಪ್ಪತ್ತು ಕಿಲೋಮೀಟರಿಗೆ, ರಸ್ತೆಯ ಕೆಳಗೆ ನದಿಯ ಮಗ್ಗುಲಲ್ಲಿ ನಿಂತ ದೊಡ್ಡ ಗುರುದ್ವಾರವೊಂದು ಇವರ ಕಣ್ಣಿಗೆ ಬಿದ್ದಿರುತ್ತದೆ. ಅದು ಗೋವಿಂದಘಾಟ್. ಸಿಖ್ಖರ ಅತಿ ಎತ್ತರದ ಯಾತ್ರಾಸ್ಥಳಗಳಲ್ಲೊಂದಾದ ಹೇಮಕುಂಡ ಸಾಹಿಬ್‌ಗೆ ಕಾಲುದಾರಿ ಕವಲೊಡೆಯುವುದು ಅಲ್ಲಿಂದಲೇ. ಬಹುತೇಕ ಬಸ್ಸುಗಳು ಚಹಾಕ್ಕೂ ನಿಲ್ಲದೆ ಮುಂದೆ ಹೋಗಿಬಿಡುತ್ತವೆ. ಬದರಿಗೆ ಎಂದು ಇಟ್ಟುಕೊಂಡ ದಿನಗಳಿಗೆ ಇನ್ನು ಮೂರು ದಿನ ಸೇರಿಸಬಲ್ಲವರು ಆ ಕವಲು ಹಿಡಿಯಬಹುದು.

ಹೇಮಕುಂಡಕ್ಕೆ ಹೋಗಿ ದರ್ಶನವಿಲ್ಲದೆ ಹಿಂದಿರುಗಿದವರನ್ನು ಕೇಳಿ ನೋಡಿ. ಕಾಲು ಸೋತು ಹಿಂದಿರುಗಿದವರು ಕಡಿಮೆ, ಹೊತ್ತು ತಪ್ಪಿ ಹಿಂದಿರುಗಿದವರೇ ಹೆಚ್ಚು. ಮಧ್ಯಾಹ್ನ ಹೊರಟು ಗೇಟಿನಲ್ಲಿ ತಡೆಸಿಕೊಂಡವರು, ಎರಡು ದಿನದ ಏರನ್ನು ಒಂದೇ ದಿನ ಹತ್ತಿ ತಲೆನೋವು ಬಂದವರು, ಮೀಸಲು ದಿನ ಇಟ್ಟುಕೊಳ್ಳದೆ ಮಳೆಗೆ ಸಿಕ್ಕವರು. ಅದಕ್ಕಾಗಿಯೇ ಈ ದಿನಚರಿಯಲ್ಲಿ ಊರಿನ ಹೆಸರಿನಷ್ಟೇ ಗಂಟೆಗೂ ಬೆಲೆ ಕೊಟ್ಟಿದೆ.

ಹೊರಡುವ ಮೊದಲು

ವರ್ಷದಲ್ಲಿ ನಾಲ್ಕೂವರೆ ತಿಂಗಳು ಮಾತ್ರ ಹೇಮಕುಂಡದ ಗುರುದ್ವಾರದ ಬಾಗಿಲು ತೆರೆದಿರುತ್ತದೆ. 2024ರಲ್ಲೂ 2025ರಲ್ಲೂ ಮೇ 25ಕ್ಕೆ ತೆರೆದು ಅಕ್ಟೋಬರ್ 10ಕ್ಕೆ ಮುಚ್ಚಿತು. ಈ ಅವಧಿಯೊಳಗೂ ಮೂರು ಬೇರೆಬೇರೆ ಯಾತ್ರೆಗಳಿವೆ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಹಿಮದ ಯಾತ್ರೆ: ಸೇನೆಯ ಜವಾನರು ಕಡಿದು ಮಾಡಿದ ಹಿಮದ ಗೋಡೆಗಳ ನಡುವಿನ ದಾರಿ, ಮೇಲೆ ಅರ್ಧ ಹೆಪ್ಪುಗಟ್ಟಿದ ಸರೋವರ. ಜುಲೈ, ಆಗಸ್ಟ್ ಹೂವಿನ ಕಾಲ, ಮಳೆಯ ಕಾಲವೂ ಹೌದು. ಬೆಟ್ಟ ಕುಸಿದು ರಸ್ತೆ ಮುಚ್ಚುವುದು ಹೆಚ್ಚಾಗಿ ಆಗಲೇ. ಸೆಪ್ಟೆಂಬರಿನಲ್ಲಿ ಮಳೆ ಹಿಮ್ಮೆಟ್ಟಿ ಆಕಾಶ ತಿಳಿಯಾಗುತ್ತದೆ, ಜನವೂ ಕಡಿಮೆ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಅರವತ್ತು ದಾಟಿದವರ ಜೊತೆ ಹೋಗುವವರಿಗೆ, ಸೆಪ್ಟೆಂಬರಿನ ಮೊದಲ ಮೂರು ವಾರಕ್ಕಿಂತ ಒಳ್ಳೆಯ ಸಮಯವಿಲ್ಲ. ಹೂವಿನ ಆಸೆಗೆ ಜುಲೈ ಆರಿಸಿಕೊಂಡರೆ ಒಂದಲ್ಲ, ಎರಡು ದಿನ ಮೀಸಲಿಡಬೇಕು.

ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿಯನ್ನು ಊರಿನಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿಕೊಳ್ಳಿ. ಬದರಿಗೆ ಮಾಡಿಸಿದ್ದು ಹೇಮಕುಂಡಕ್ಕೆ ಆಗುವುದಿಲ್ಲ, ಎರಡನ್ನೂ ಪ್ರತ್ಯೇಕವಾಗಿ ಆಯ್ಕೆ ಮಾಡಬೇಕು. ನೋಂದಣಿ ಚೀಟಿಯ ಕಾಗದದ ಪ್ರತಿ ಎರಡು ಇರಲಿ. ಮಳೆಯಲ್ಲಿ ಫೋನ್ ಹೊರತೆಗೆದು ತೋರಿಸುವುದು ಕಷ್ಟ.

ಬೆಟ್ಟಕ್ಕೆ ಹೊರುವ ಚೀಲ ಆರೇಳು ಕಿಲೋ ಮೀರಬಾರದು. ಹಿಡಿತವಿರುವ, ಕನಿಷ್ಠ ಒಂದು ತಿಂಗಳು ಹಾಕಿ ಪಳಗಿಸಿದ ಬೂಟು. ಹೊಸ ಬೂಟು ಹಾಕಿಕೊಂಡು ಹೋದವರ ಹಿಮ್ಮಡಿ ಮೊದಲ ದಿನವೇ ಬೊಬ್ಬೆ ಏಳುತ್ತದೆ. ಮೂರು ಜೊತೆ ಕಾಲುಚೀಲ, ಉಣ್ಣೆಯ ಟೋಪಿ, ಕೈಗವಸು, ಒಂದು ದಪ್ಪ ಸ್ವೆಟರ್, ಬೇಗ ಒಣಗುವ ಪ್ಯಾಂಟು. ಜೀನ್ಸ್ ಬೇಡ, ನೆನೆದರೆ ಕಲ್ಲಿನಷ್ಟು ಭಾರವಾಗಿ ಎರಡು ದಿನವಾದರೂ ಒಣಗದು. ಕೊಡೆಗಿಂತ ಚೀಲವನ್ನೂ ಸೇರಿಸಿ ಮುಚ್ಚುವ ಪಾಂಚೊ ಮೇಲು, ಏಕೆಂದರೆ ಒಂದು ಕೈ ಕೋಲಿಗೆ ಬೇಕು. ಓಆರ್‌ಎಸ್ ಪೊಟ್ಟಣ, ಟಾರ್ಚು, ಪವರ್ ಬ್ಯಾಂಕು, ಚಿಲ್ಲರೆ ನೋಟುಗಳು. ತಲೆಗೆ ಕಟ್ಟಲು ಒಂದು ದೊಡ್ಡ ಹತ್ತಿಯ ವಸ್ತ್ರ. ಗುರುದ್ವಾರದ ಆವರಣದಲ್ಲಿ ಹೆಂಗಸರೂ ಗಂಡಸರೂ ಮಕ್ಕಳೂ ತಲೆ ಮುಚ್ಚಿರಲೇಬೇಕು. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಜೇಬಿನಲ್ಲೂ ಇರಬಾರದು.

ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕಂಡೇ ಹೊರಡಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ಮೊದಲ ದಿನ: ಋಷಿಕೇಶ

ಡೆಹ್ರಾಡೂನಿನ ಜಾಲಿ ಗ್ರಾಂಟ್ ವಿಮಾನ ನಿಲ್ದಾಣದಿಂದ ಋಷಿಕೇಶ ಸುಮಾರು 20 ಕಿ.ಮೀ., ಹರಿದ್ವಾರದ ರೈಲು ನಿಲ್ದಾಣದಿಂದ ಸುಮಾರು 25. ಲಕ್ಷ್ಮಣ್ ಝೂಲಾ ರಸ್ತೆಯಲ್ಲಿ ಹೇಮಕುಂಡ ಸಾಹಿಬ್ ಗುರುದ್ವಾರವಿದೆ. ಪ್ರತಿವರ್ಷ ಯಾತ್ರೆಯ ಮೊದಲ ಜತ್ಥಾ, ಅಂದರೆ ಯಾತ್ರಿಗಳ ತಂಡ, ಹೊರಡುವುದು ಇಲ್ಲಿಂದಲೇ. ಇದನ್ನು ನಡೆಸುವ ಟ್ರಸ್ಟ್ ಹರಿದ್ವಾರ, ಶ್ರೀನಗರ (ಕಾಶ್ಮೀರದ್ದಲ್ಲ, ಈ ದಾರಿಯಲ್ಲೇ ಇರುವ ಊರು), ಜೋಶಿಮಠ, ಗೋವಿಂದಘಾಟ್, ಘಾಂಘರಿಯಾಗಳಲ್ಲೂ ಗುರುದ್ವಾರಗಳನ್ನು ನಡೆಸುತ್ತದೆ. ಒಂದು ದಿನದ ಪಯಣ ಮುಗಿಯುವಲ್ಲೆಲ್ಲ ಒಂದು ಸೂರು, ಒಂದು ಪಂಕ್ತಿ ಎಂಬ ಲೆಕ್ಕ. ಜಾತಿ, ಧರ್ಮ ಕೇಳುವುದಿಲ್ಲ. ಗುರುತಿನ ಚೀಟಿ ತೋರಿಸಿದರೆ ಜಾಗ. ದುಡ್ಡು ಕೇಳುವುದಿಲ್ಲ, ಗೋಲಕದಲ್ಲಿ, ಎಂದರೆ ಹುಂಡಿಯಲ್ಲಿ, ಕೈಲಾದದ್ದು ಹಾಕುವುದು ನಮಗೆ ಬಿಟ್ಟದ್ದು.

ಗುರುದ್ವಾರಕ್ಕೆ ಹೊಸಬರಾದರೆ ಇಲ್ಲಿನ ನಡೆನುಡಿಯನ್ನು ಈ ಸಂಜೆಯೇ ಕಲಿತುಬಿಡಬಹುದು. ಚಪ್ಪಲಿಯನ್ನು ಜೋಡಾ ಘರ್‌ನಲ್ಲಿ ಕೊಟ್ಟು ಟೋಕನ್ ಪಡೆದು, ಕೈಕಾಲು ತೊಳೆದು, ದರ್ಬಾರ್ ಹಾಲಿನಲ್ಲಿ ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್‌ನ ಮುಂದೆ ಹಣೆ ನೆಲಕ್ಕೆ ತಾಗಿಸಿ ನಮಸ್ಕರಿಸಬೇಕು. ಕೂರುವಾಗ ಕಾಲು ಗ್ರಂಥದ ಕಡೆ ಚಾಚಬಾರದು. ಗೋಧಿಹಿಟ್ಟು, ತುಪ್ಪ, ಸಕ್ಕರೆ ಬೆರೆಸಿ ಬಾಡಿಸಿದ ಕಡಾ ಪ್ರಸಾದವನ್ನು ಎರಡೂ ಕೈ ಬೊಗಸೆ ಮಾಡಿ ತೆಗೆದುಕೊಳ್ಳಬೇಕು. ನಮ್ಮ ಸತ್ಯನಾರಾಯಣ ಪ್ರಸಾದದ ಸಪಾದಭಕ್ಷ್ಯ ಉಂಡವರಿಗೆ ಅದರ ರುಚಿ ಹೊಸದೇನಲ್ಲ. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಊಟದ ಪಂಕ್ತಿಯಲ್ಲಿ, ರೊಟ್ಟಿಗೂ ಎರಡು ಕೈ ಚಾಚಬೇಕು. ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ, ತಟ್ಟೆಯಲ್ಲಿ ಬಿಡಬಾರದು ಅಷ್ಟೇ. ಊಟವಾದ ಮೇಲೆ ಹತ್ತು ತಟ್ಟೆ ತೊಳೆದು ಎದ್ದರೆ ಅದೇ ಸೇವೆ.

ರಾತ್ರಿ ಒಂಬತ್ತಕ್ಕೆ ಮಲಗಬೇಕು. ನಾಳೆಯ ದಾರಿ ಉದ್ದ.

ಎರಡನೇ ದಿನ: ಋಷಿಕೇಶದಿಂದ ಗೋವಿಂದಘಾಟ್, ಸುಮಾರು 270 ಕಿ.ಮೀ.

ಬೆಳಗಿನ ಜಾವ ಐದಕ್ಕೆ ಗಾಡಿ ಹೊರಡಬೇಕು. ಬಯಲಿನ ಲೆಕ್ಕದಲ್ಲಿ 270 ಕಿ.ಮೀ. ಐದು ಗಂಟೆ, ಇಲ್ಲಿ ಹತ್ತರಿಂದ ಹನ್ನೆರಡು. ಕತ್ತಲಾದ ಮೇಲೆ ಬೆಟ್ಟದ ರಸ್ತೆಯಲ್ಲಿ ಪೊಲೀಸರು ಗಾಡಿ ನಿಲ್ಲಿಸುತ್ತಾರೆ. ಎಂಟಕ್ಕೆ ಹೊರಟವರು ಪೀಪಲ್‌ಕೋಟಿಯಲ್ಲೋ ಚಮೋಲಿಯಲ್ಲೋ ರಾತ್ರಿ ಕಳೆಯಬೇಕಾಗುತ್ತದೆ, ಅಲ್ಲಿಗೆ ಒಂದು ದಿನ ಹೋಯಿತು.

ಈ ಹೆದ್ದಾರಿ ಐದು ಪ್ರಯಾಗಗಳನ್ನೂ ಮುಟ್ಟಿಕೊಂಡು ಹೋಗುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿ, ರುದ್ರಪ್ರಯಾಗದಲ್ಲಿ ಮಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡಾರ್, ನಂದಪ್ರಯಾಗದಲ್ಲಿ ನಂದಾಕಿನಿ, ವಿಷ್ಣುಪ್ರಯಾಗದಲ್ಲಿ ಧೌಲಿಗಂಗೆ ಅಲಕನಂದೆಯನ್ನು ಕೂಡುತ್ತವೆ. ಗಾಡಿಯವರು ದೇವಪ್ರಯಾಗದಲ್ಲಿ ಬಿಟ್ಟರೆ ಬೇರೆಡೆ ನಿಲ್ಲಿಸುವುದು ಕಡಿಮೆ. ಹೋಗುವಾಗ ನಿಲ್ಲಿಸಿ ಎಂದು ಒತ್ತಾಯಿಸುವುದೂ ಬೇಡ. ಶ್ರೀನಗರ ಮತ್ತು ರುದ್ರಪ್ರಯಾಗದ ನಡುವಿನ ಸಿರೋಬಗಡ್, ಪೀಪಲ್‌ಕೋಟಿಯ ಆಚೆಯ ಪಾಗಲ್ ನಾಲಾ ಹಳೆಯ ಕುಸಿತದ ಜಾಗಗಳು. ಮಳೆಗಾಲದಲ್ಲಿ ಇಲ್ಲಿ ಒಂದೆರಡು ಗಂಟೆ ಕಾಯುವುದು ಮಾಮೂಲು. ಮುಂಜಾನೆ ಉಳಿಸಿದ ಹೊತ್ತು ಇಲ್ಲಿ ಖರ್ಚಾಗುತ್ತದೆ. ದಾರಿಯ ಊಟಕ್ಕೆ ಶ್ರೀನಗರದ ಗುರುದ್ವಾರ ಹೊಂದುತ್ತದೆ. ತಿರುವುಗಳಿಗೆ ಹೊಟ್ಟೆ ತೊಳೆಸುವವರು ಅರ್ಧ ಹೊಟ್ಟೆ ಉಂಡು ಮುಂದಿನ ಸೀಟಿನಲ್ಲಿ ಕೂರಬೇಕು.

ಜೋಶಿಮಠ ಶಂಕರಾಚಾರ್ಯರ ಉತ್ತರಾಮ್ನಾಯ ಪೀಠ. ಶೃಂಗೇರಿಯವರಿಗೆ ಅಣ್ಣತಮ್ಮಂದಿರ ಮನೆಯಿದ್ದಂತೆ. 2023ರ ಜನವರಿಯಲ್ಲಿ ಈ ಊರಿನ ನೆಲ ಕುಸಿದು ಮನೆ ಮನೆಯ ಗೋಡೆ ಬಿರುಕು ಬಿಟ್ಟದ್ದು ದೇಶಕ್ಕೆಲ್ಲ ಗೊತ್ತು. ಸಂಜೆ ಐದರ ಒಳಗೆ ಇಲ್ಲಿಗೆ ತಲುಪಿದ್ದರೆ ವಿಷ್ಣುಪ್ರಯಾಗಕ್ಕೆ ಇಳಿದು ಗೋವಿಂದಘಾಟ್ ಸೇರಬಹುದು. ತಡವಾಗಿದ್ದರೆ ಜೋಶಿಮಠದ ಗುರುದ್ವಾರದಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಲೇಸು. ಎರಡೂ ಊರು 1,800 ಮೀಟರಿನ ಆಸುಪಾಸಿನ ಎತ್ತರದವು, ದೇಹಕ್ಕೆ ವ್ಯತ್ಯಾಸವಿಲ್ಲ.

ಅಲಕನಂದೆಗೆ ಲಕ್ಷ್ಮಣಗಂಗೆ ಸೇರುವ ಕೂಡಲಿನಲ್ಲಿ ಗೋವಿಂದಘಾಟ್ ಗುರುದ್ವಾರವಿದೆ. 2013ರ ಜೂನ್ ಪ್ರವಾಹದಲ್ಲಿ ಸೇತುವೆ, ಗಾಡಿ ನಿಲ್ಲಿಸುವ ಜಾಗ, ಮೇಲಿನ ಕಾಲುದಾರಿಯ ಉದ್ದುದ್ದ ಭಾಗಗಳು ಕೊಚ್ಚಿಹೋಗಿದ್ದವು. ಇಂದು ನಡೆಯುವ ದಾರಿಯಲ್ಲಿ ಬಹಳಷ್ಟು ಆಮೇಲೆ ಕಟ್ಟಿದ್ದು. ಹಳೆಯ ಪ್ರವಾಸ ಕಥನಗಳ ದೂರದ ಲೆಕ್ಕ ಹೊಂದದಿರುವುದು ಅದರಿಂದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹತ್ತನೆಯ ಗುರು ಗೋವಿಂದ ಸಿಂಗರು ಹುಟ್ಟಿದ್ದು 1666ರಲ್ಲಿ, ಪಟ್ನಾದಲ್ಲಿ. ಅವರು ಈ ಬೆಟ್ಟ ಹತ್ತಿದರೆಂದು ಯಾರೂ ಹೇಳುವುದಿಲ್ಲ. ಗುರುಗಳ ಹೆಸರಿನಲ್ಲಿರುವ ದಸಮ ಗ್ರಂಥದ ಭಾಗವಾದ 'ಬಚಿತ್ತರ್ ನಾಟಕ'ದಲ್ಲಿ, ನಾನು ಹಿಂದಿನ ಜನ್ಮದಲ್ಲಿ ಏಳು ಶಿಖರಗಳ ನಡುವಿನ ಹೇಮಕುಂಡದಲ್ಲಿ ತಪಸ್ಸು ಮಾಡಿದೆ, ಪಾಂಡುರಾಜ ಯೋಗ ಮಾಡಿದ ಜಾಗವದು ಎಂಬ ಮಾತು ಬರುತ್ತದೆ. ಜಾಗ ಎಲ್ಲಿ ಎಂಬುದು ಬಹುಕಾಲ ತಿಳಿದಿರಲಿಲ್ಲ. ಗೋವಿಂದಘಾಟಿನ ಪಕ್ಕದ ಊರು ಪಾಂಡುಕೇಶ್ವರ. ಪಾಂಡುರಾಜನ ತಪಸ್ಸಿನ ಕಥೆ ಅಂಟಿಕೊಂಡ ಊರದು. 1930ರ ದಶಕದಲ್ಲಿ ಸೇನೆಯಲ್ಲಿ ಗ್ರಂಥಿಯಾಗಿ, ಅಂದರೆ ಗುರು ಗ್ರಂಥ ಓದುವವರಾಗಿದ್ದು, ನಿವೃತ್ತರಾದ ಸಂತ ಸೋಹನ್ ಸಿಂಗ್ ಈ ಸುಳಿವು ಹಿಡಿದು, ಸ್ಥಳೀಯರು ಲೋಕಪಾಲ ಎಂದು ಪೂಜಿಸುತ್ತಿದ್ದ ಸರೋವರದವರೆಗೆ ಹತ್ತಿ, ಸುತ್ತಲಿನ ಏಳು ಶಿಖರಗಳನ್ನು ಎಣಿಸಿದರು. ಪಾಂಡು ಶತಶೃಂಗದಲ್ಲಿ ತಪಸ್ಸಿಗಿದ್ದ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಮಗೆ ಈ ಹುಡುಕಾಟ ದೂರದ್ದು ಅನ್ನಿಸುವುದಿಲ್ಲ.

ಮೂರನೇ ದಿನ: ಗೋವಿಂದಘಾಟ್‌ನಿಂದ ಘಾಂಘರಿಯಾ

ಬೆಳಿಗ್ಗೆ ಆರಕ್ಕೆ ಚಹಾ ಕುಡಿದು, ದೊಡ್ಡ ಸಾಮಾನನ್ನು ಗುರುದ್ವಾರದ ಲಗೇಜ್ ಕೋಣೆಯಲ್ಲಿ ಕೊಟ್ಟು ಟೋಕನ್ ಪಡೆಯಬೇಕು. ಬೀಗ ನಿಮ್ಮದೇ ಇರಲಿ. ತುದಿಗೆ ಕಬ್ಬಿಣ ಕಟ್ಟಿದ ಕೋಲನ್ನು ಇಲ್ಲೇ ಕೊಳ್ಳಬೇಕು. ಹತ್ತುವಾಗ ಬೇಡ ಅನ್ನಿಸಬಹುದು, ಇಳಿಯುವಾಗ ಅದೇ ಮೂರನೇ ಕಾಲು.

ಸೇತುವೆಯ ಆಚೆಯಿಂದ ಪುಲ್ನಾ ಹಳ್ಳಿಯವರೆಗೆ 4 ಕಿ.ಮೀ. ಷೇರ್ ಜೀಪು ಸಿಗುತ್ತದೆ. ಅಲ್ಲಿಂದ ಘಾಂಘರಿಯಾಕ್ಕೆ ಸುಮಾರು 10 ಕಿ.ಮೀ. ಕಲ್ಲು ಹಾಸಿದ ದಾರಿ. ಗೋವಿಂದಘಾಟ್‌ನಿಂದ ಲೆಕ್ಕ ಹಾಕಿದರೆ ಒಟ್ಟು ಏರು ಸುಮಾರು 1,200 ಮೀಟರ್. ಏಳಕ್ಕೆ ಪುಲ್ನಾ ಬಿಟ್ಟರೆ ಸಾಧಾರಣ ನಡೆಯವರು ಮಧ್ಯಾಹ್ನ ಒಂದು, ಎರಡರ ಹೊತ್ತಿಗೆ ಸೇರುತ್ತಾರೆ. ಮಧ್ಯಾಹ್ನದ ನಂತರ ಬಂದವರನ್ನು ಕೆಳಗೇ ತಡೆಯುತ್ತಾರೆ. ವಾದ ಮಾಡಿ ಫಲವಿಲ್ಲ, ಕತ್ತಲಲ್ಲಿ ಆ ಕಾಡುದಾರಿ ಯಾರಿಗೂ ಒಳ್ಳೆಯದಲ್ಲ.

ದಾರಿಯ ಸ್ವಭಾವ ಎರಡು ಥರ. ಭ್ಯುಂಡಾರ್ ಹಳ್ಳಿಯವರೆಗೆ ಲಕ್ಷ್ಮಣಗಂಗೆಯನ್ನು ಪಕ್ಕದಲ್ಲಿಟ್ಟುಕೊಂಡು ಹದವಾದ ಏರು, ನಡುನಡುವೆ ಚಹಾದ ಅಂಗಡಿ, ಮ್ಯಾಗಿ, ಪರಾಠಾ. ಭ್ಯುಂಡಾರ್‌ನಲ್ಲಿ ಹೊಳೆ ದಾಟಿದ ಮೇಲಿನ ಕೊನೆಯ ಮೂರು ಕಿಲೋಮೀಟರ್ ಕಡಿದು, ಸುತ್ತು ಸುತ್ತಾಗಿ ಮೇಲೇರುತ್ತದೆ. ಮೊದಲರ್ಧದಲ್ಲಿ ಉತ್ಸಾಹಕ್ಕೆ ವೇಗವಾಗಿ ನಡೆದವರು ಕುಸಿದು ಕೂರುವುದು ಇಲ್ಲೇ. ಪಕ್ಕದವರ ಜೊತೆ ಮಾತಾಡಿಕೊಂಡು ನಡೆಯಲು ಆಗುತ್ತಿದ್ದರೆ ವೇಗ ಸರಿಯಿದೆ; ಮಾತು ತುಂಡಾಗುತ್ತಿದ್ದರೆ ನಿಧಾನಿಸಬೇಕು. ಗಂಟೆಗೊಮ್ಮೆ ಐದು ನಿಮಿಷ ನಿಲ್ಲುವುದು ಸಾಕು. ಅರ್ಧ ಗಂಟೆ ಕುಳಿತರೆ ಬೆವರು ತಣ್ಣಗಾಗಿ ಮೈ ನಡುಗುತ್ತದೆ, ಸ್ನಾಯು ಬಿಗಿಯುತ್ತದೆ.

ಹೇಸರಗತ್ತೆಗಳ ಸಾಲು ಎದುರಾದಾಗ ಬೆಟ್ಟದ ಗೋಡೆಗೆ ಒರಗಿ ನಿಲ್ಲಬೇಕು. ಇದೊಂದನ್ನು ಮಕ್ಕಳಿಗೂ ಹೇಳಿಕೊಡಿ. ಕಣಿವೆಯ ಅಂಚಿಗೆ ಸರಿದರೆ, ಪ್ರಾಣಿಯ ಪಕ್ಕೆಗೆ ಕಟ್ಟಿದ ಹೊರೆ ತಗುಲಿದರೂ ಸಾಕು, ಕೆಳಗೆ ಬೀಳುತ್ತೇವೆ. ಮಳೆ ಬಿದ್ದ ದಿನ ಲದ್ದಿ ಕಲಸಿದ ಕಲ್ಲುಹಾಸು ಎಣ್ಣೆ ಸವರಿದಂತಿರುತ್ತದೆ, ಅಂಥ ಕಡೆ ಪೂರ್ತಿ ಪಾದ ಊರಿ ಚಿಕ್ಕ ಹೆಜ್ಜೆ ಇಡಬೇಕು.

ನಡೆಯಲಾರದವರಿಗೆ ಹೇಸರಗತ್ತೆ, ನಾಲ್ವರು ಹೊರುವ ಡಂಡಿ, ಒಬ್ಬರೇ ಬೆನ್ನಿಗೆ ಹೊರುವ ಕಂಡಿ ಬುಟ್ಟಿ ಇವೆ. ಅಧಿಕೃತ ಕೌಂಟರಿನಲ್ಲಿ ಚೀಟಿ ಮಾಡಿಸಿಕೊಂಡೇ ಹತ್ತಬೇಕು. ಹವೆ ನೆಟ್ಟಗಿದ್ದ ದಿನ ಗೋವಿಂದಘಾಟ್‌ನಿಂದ ಘಾಂಘರಿಯಾಕ್ಕೆ ಹೆಲಿಕಾಪ್ಟರ್ ಕೂಡ ಹಾರುತ್ತದೆ. ಹಾರಿ ಹೋದವರು ಅದೇ ದಿನ ಮುಂದೆ ಏರಬಾರದು. ನಡೆದು ಬಂದವರ ದೇಹ ಏಳು ಗಂಟೆ ತೆಗೆದುಕೊಂಡು ಒಗ್ಗಿಸಿಕೊಂಡ ಎತ್ತರವನ್ನು ಇವರ ದೇಹ ಕೆಲವೇ ನಿಮಿಷದಲ್ಲಿ ಎದುರಿಸಿರುತ್ತದೆ. ಮೇಲೆ ಆಮ್ಲಜನಕದ ಕೊಳವೆ ಹಿಡಿದು ಕೂತವರಲ್ಲಿ ಹಾರಿ ಬಂದವರೂ ಹೇಸರಗತ್ತೆಯ ಮೇಲೆ ಬಂದವರೂ ಇರುವುದಕ್ಕೆ ಇದೇ ಕಾರಣ.

ಘಾಂಘರಿಯಾ 3,050 ಮೀಟರ್ ಎತ್ತರದಲ್ಲಿದೆ. ಸಿಖ್ಖರು ಗೋವಿಂದ ಧಾಮ್ ಎನ್ನುತ್ತಾರೆ. ದೇವದಾರುಗಳ ನಡುವೆ ಒಂದೇ ಒಂದು ಓಣಿ, ಎರಡೂ ಬದಿ ಅಂಗಡಿ, ಹೋಟೆಲು. ಚಳಿಗಾಲದಲ್ಲಿ ಊರೇ ಖಾಲಿ. ಪುಲ್ನಾ, ಭ್ಯುಂಡಾರ್ ಹಳ್ಳಿಗರು ಸೇರಿ ನಡೆಸುವ ಇಕೋ ಡೆವಲಪ್‌ಮೆಂಟ್ ಕಮಿಟಿ ಈ ದಾರಿಯ ಕಸ ತೆಗೆದು ಕೆಳಗೆ ಸಾಗಿಸುತ್ತದೆ. ನಮ್ಮ ಬಿಸ್ಕತ್ತಿನ ಕಾಗದ ನಮ್ಮ ಚೀಲದಲ್ಲೇ ಇಳಿದರೆ ಅವರಿಗೊಂದು ಹೊರೆ ಕಡಿಮೆ.

ಗುರುದ್ವಾರದ ಯಾತ್ರಿನಿವಾಸದಲ್ಲಿ ಕಂಬಳಿ ಕೊಡುತ್ತಾರೆ. ಒಂದನ್ನು ಹಾಸಿ ಎರಡನ್ನು ಹೊದೆಯಬೇಕು, ಚಳಿ ನೆಲದಿಂದಲೇ ಹೆಚ್ಚು ಹತ್ತುತ್ತದೆ. ಜನ ತುಂಬಿದ ದಿನ ಹಾಲಿನಲ್ಲಿ ಸಾಲು ಮಲಗಬೇಕು. ಹವಾಲ್ದಾರ್ ಮೋದನ್ ಸಿಂಗ್ ಎಂಬ ಸೈನಿಕ ಸೋಹನ್ ಸಿಂಗರಿಗೆ ಜೊತೆಯಾಗಿ, 1939ರಲ್ಲಿ ಅವರು ತೀರಿಕೊಂಡ ಮೇಲೂ ಎರಡು ದಶಕ ಹೇಮಕುಂಡದ ಗುರುದ್ವಾರದ ಕೆಲಸ ಬಿಡಲಿಲ್ಲ. ಘಾಂಘರಿಯಾದಲ್ಲಿ ಕಟ್ಟಡವಿಲ್ಲದ ಆ ದಿನಗಳಲ್ಲಿ ಅವರು ಮಲಗುತ್ತಿದ್ದುದು ಒಂದು ಮರದ ಪೊಟರೆಯಲ್ಲಿ ಎನ್ನುತ್ತಾರೆ. ಇಂದಿನ ಇಕ್ಕಟ್ಟಿನ ಹಾಲನ್ನು ಆ ಪೊಟರೆಯ ಪಕ್ಕದಲ್ಲಿಟ್ಟು ನೋಡಬೇಕು.

ಸಂಜೆ ಅರ್ಧ ಗಂಟೆ ಮೇಲಿನ ದಾರಿಯಲ್ಲಿ ನಿಧಾನವಾಗಿ ಅಡ್ಡಾಡಿ ಬಂದು ಮಲಗಿದರೆ ದೇಹ ಎತ್ತರಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರಡು ಲೋಟ ಹೆಚ್ಚು ನೀರು ಕುಡಿಯಿರಿ. ಸಣ್ಣ ತಲೆನೋವು ಸಹಜ. ಬೆಳಗಿನವರೆಗೂ ಬಿಡದಿದ್ದರೆ, ವಾಂತಿ ಜೊತೆಗೂಡಿದರೆ, ನಾಳೆ ಹತ್ತಬಾರದು.

ನಾಲ್ಕನೇ ದಿನ: ಹೇಮಕುಂಡ

ಘಾಂಘರಿಯಾದಿಂದ 6 ಕಿ.ಮೀ. ಅಷ್ಟರಲ್ಲೇ ಒಂದು ಕಿಲೋಮೀಟರಿಗೂ ಹೆಚ್ಚು ಮೇಲಕ್ಕೆ ಏರಬೇಕು. ಬೆಳಿಗ್ಗೆ ಐದಕ್ಕೆ, ಬೆಳಕು ಬಿಡುವ ಹೊತ್ತಿಗೆ ಓಣಿಯ ಕೊನೆಯಲ್ಲಿರಬೇಕು. ಮೇಲೆ ರಾತ್ರಿ ಉಳಿಯುವ ವ್ಯವಸ್ಥೆ ಇಲ್ಲ. ಮಧ್ಯಾಹ್ನದ ಅರ್ದಾಸ್, ಅಂದರೆ ಎಲ್ಲರೂ ಸೇರಿ ಮಾಡುವ ಪ್ರಾರ್ಥನೆ, ಮುಗಿಸಿ ಎರಡರೊಳಗೆ ಎಲ್ಲರೂ ಇಳಿಯತೊಡಗಬೇಕು. ಹತ್ತಲು ನಾಲ್ಕರಿಂದ ಆರು ಗಂಟೆ. ಐದಕ್ಕೆ ಹೊರಟವರಿಗೆ ಸರೋವರದ ಪಕ್ಕದಲ್ಲಿ ಎರಡು ಮೂರು ಗಂಟೆ ಸಿಗುತ್ತದೆ, ಎಂಟಕ್ಕೆ ಹೊರಟವರಿಗೆ ಸಿಗುವುದು ನೂಕುನುಗ್ಗಲು. ಅಲ್ಲದೆ ಹತ್ತು, ಹನ್ನೊಂದರ ನಂತರ ಕಣಿವೆಯಿಂದ ಮೋಡ ಮೇಲೇಳುತ್ತದೆ, ಶಿಖರಗಳು ಕಾಣುವುದಿಲ್ಲ.

ಊರು ಬಿಟ್ಟು ಸ್ವಲ್ಪ ದೂರಕ್ಕೆ ದಾರಿ ಒಡೆಯುತ್ತದೆ. ಎಡಕ್ಕೆ ಹೂವಿನ ಕಣಿವೆ, ಇನ್ನೊಂದು ಹೇಮಕುಂಡ. ಮೊದಲ ತಿರುವಿನಿಂದಲೇ ಏರು, ಕೊನೆಯವರೆಗೂ ಮಟ್ಟಸ ಜಾಗವೆಂಬುದಿಲ್ಲ. ದೇವದಾರು ಮುಗಿದು ಭೂರ್ಜ ಮರಗಳು ಬರುತ್ತವೆ, ಅವೂ ಮುಗಿದು ಹುಲ್ಲು, ಬಂಡೆ ಮಾತ್ರ ಉಳಿಯುತ್ತವೆ. ಹಿಂತಿರುಗಿ ನೋಡಿದರೆ ಘಾಂಘರಿಯಾ ಅಂಗೈಯಗಲ.

ಸೀಸನ್ನಿನ ಮೊದಲ ವಾರಗಳಲ್ಲಿ ಅಟ್ಲಾಕೋಟಿ ಹಿಮನದಿಯನ್ನು ಅಡ್ಡ ದಾಟಬೇಕಾಗುತ್ತದೆ. ಅಲ್ಲಿ ನಿಂತು ಫೋಟೋ ತೆಗೆಯಬಾರದು, ಗುಂಪು ಸೇರಬಾರದು, ಪೊಲೀಸರು ಬಿಟ್ಟಾಗ ಒಬ್ಬರ ಹಿಂದೆ ಒಬ್ಬರು ದಾಟಬೇಕು. ಬಿಸಿಲೇರಿದಂತೆ ಹಿಮ ಸಡಿಲಾಗುತ್ತದೆ. 2023ರ ಜೂನ್‌ನಲ್ಲಿ ಇಲ್ಲಿ ಹಿಮ ಜಾರಿ ಯಾತ್ರಿಗಳು ಸಿಕ್ಕಿಬಿದ್ದು ಸಾವೂ ಆಯಿತು.

ಕೊನೆಯ ಭಾಗದಲ್ಲಿ ಎರಡು ಆಯ್ಕೆ: ಸುತ್ತಿ ಬರುವ ಹೇಸರಗತ್ತೆಯ ದಾರಿ, ನೇರ ಏರುವ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು. ಎಣಿಕೆಯಲ್ಲಿ ಹೆಚ್ಚುಕಡಿಮೆ ಚಾಮುಂಡಿ ಬೆಟ್ಟದಷ್ಟೇ. ಆದರೆ 4,000 ಮೀಟರ್ ಮೀರಿದ ಈ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇಕಡ 60ರಷ್ಟು. ಚಾಮುಂಡಿಯನ್ನು ನಿಲ್ಲದೆ ಹತ್ತುವವರೂ ಇಲ್ಲಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ಹತ್ತುವಾಗ ಸುತ್ತುದಾರಿ, ಇಳಿಯುವಾಗ ಮೆಟ್ಟಿಲು ಎಂದು ಹಲವರು ಮಾಡುತ್ತಾರೆ. ಮೊಣಕಾಲು ನೋವಿರುವವರು ಮಾತ್ರ ಇಳಿಯುವಾಗಲೂ ಮೆಟ್ಟಿಲ ಕಡೆ ಹೋಗಬಾರದು. ಮೆಟ್ಟಿಲುಗಳ ಸುತ್ತ ಜುಲೈಯಿಂದ ಸೆಪ್ಟೆಂಬರಿನವರೆಗೆ ಬ್ರಹ್ಮಕಮಲ ಅರಳಿರುತ್ತದೆ, ತಿಳಿಹಳದಿ ಎಲೆಯ ಬಟ್ಟಲೊಳಗೆ ನೇರಳೆ ಹೂಗೊಂಚಲು. ಮನೆಯಂಗಳದ ಕುಂಡದಲ್ಲಿ ರಾತ್ರಿ ಅರಳುವ, ನಾವು ಬ್ರಹ್ಮಕಮಲ ಎಂದೇ ಕರೆಯುವ ಹೂವು ಕಳ್ಳಿಯ ಜಾತಿಯದು, ಇದು ಅದಲ್ಲ. ಇದು ಉತ್ತರಾಖಂಡದ ರಾಜ್ಯಪುಷ್ಪ. ಕೀಳಬಾರದು.

ಸರೋವರ ಕಾಣುವುದು ಕೊನೆಯ ಹೆಜ್ಜೆಯಲ್ಲಿ, ಒಮ್ಮೆಲೇ. ಬೆಟ್ಟದ ಬಟ್ಟಲಿನಲ್ಲಿ ಅಲುಗದ ನೀರು, ಅದರಲ್ಲಿ ಶಿಖರಗಳ ನೆರಳು. ದಡದಲ್ಲಿ ಗುರುದ್ವಾರ. 1930ರ ದಶಕದಲ್ಲಿ ಕಟ್ಟಿದ್ದು ಹತ್ತಡಿ ಉದ್ದ ಹತ್ತಡಿ ಅಗಲದ ಕಲ್ಲುಗುಡಿ. ಇಂದಿನ ಕಟ್ಟಡದ ಕೆಲಸ ಶುರುವಾದದ್ದು 1960ರ ದಶಕದಲ್ಲಿ, ಸೇನೆಯ ಎಂಜಿನಿಯರ್ ಮೇಜರ್ ಜನರಲ್ ಹರ್ಕೀರತ್ ಸಿಂಗರ ಮುಂದಾಳತ್ವದಲ್ಲಿ. ವಿನ್ಯಾಸ ವಾಸ್ತುಶಿಲ್ಪಿ ಸಿಯಾಲಿಯವರದು. ಗುಮ್ಮಟವಿಲ್ಲ. ಐದು ಮೂಲೆಯ ತಳ, ಮಗುಚಿಟ್ಟ ಕಮಲದಂಥ ಇಳಿಜಾರು ಸೂರು. ಚಳಿಗಾಲದಲ್ಲಿ ಕಟ್ಟಡ ಹೂತುಹೋಗುವಷ್ಟು ಹಿಮ ಬೀಳುವ ಜಾಗದಲ್ಲಿ ಗುಂಡು ಗುಮ್ಮಟ, ಚಪ್ಪಟೆ ಮಾಳಿಗೆ ಭಾರ ತಾಳುತ್ತಿರಲಿಲ್ಲ. ಇಲ್ಲಿ ಹಿಮ ತಾನಾಗಿ ಜಾರಿ ಇಳಿಯಬೇಕು, ಆ ಆಕಾರ ಬಂದದ್ದು ಅದಕ್ಕೆ. ಪಕ್ಕದಲ್ಲೇ ಲಕ್ಷ್ಮಣನ ಗುಡಿಯಿದೆ, ಭ್ಯುಂಡಾರ್ ಕಣಿವೆಯವರ ಲೋಕಪಾಲ. ಎರಡೂ ಕಡೆ ಕೈಮುಗಿದು ಬರುವವರೇ ಹೆಚ್ಚು.

ಸ್ನಾನ ಮಾಡುವವರು ಹತ್ತಿ ಬಂದ ಬೆವರಿನಲ್ಲೇ ಇಳಿಯಬಾರದು. ಕಾಲು ಗಂಟೆ ಕುಳಿತು ಉಸಿರು ತಹಬಂದಿಗೆ ಬಂದ ಮೇಲೆ, ದಡದ ಸರಪಳಿ ಹಿಡಿದು, ಮೊದಲು ಕಾಲು, ಆಮೇಲೆ ಕೈ, ಎದೆ ನೆನೆಸಿಕೊಂಡು ಮೂರು ಮುಳುಗು, ಎದ್ದುಬಿಡಬೇಕು. ಹೆಂಗಸರಿಗೆ ಮರೆಯ ಸ್ನಾನಸ್ಥಳ ಇದೆ. ಒಣ ಬಟ್ಟೆ ಕೈಗೆಟಕುವಂತಿರಲಿ. ಬೆರಳು ಮರಗಟ್ಟಿ ಗುಂಡಿ ಹಾಕಲಾಗದು, ಆದ್ದರಿಂದ ಗುಂಡಿಯಿಲ್ಲದ ಬಟ್ಟೆಯೇ ಸರಿ. ಹೃದಯದ ತೊಂದರೆಯವರು ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಸಾಕು.

ದರ್ಬಾರ್ ಹಾಲಿನಲ್ಲೂ ಕಂಬಳಿ ಹೊದೆದು ಕೂರಬಹುದು. ಕೀರ್ತನೆ, ಅರ್ದಾಸ್, ಆ ದಿನಕ್ಕೆಂದು ಗ್ರಂಥದಿಂದ ಓದುವ ಹುಕುಮ್‌ನಾಮಾ. ಅರ್ದಾಸ್‌ಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಅದರಲ್ಲಿ ಪಂಜ್ ಪ್ಯಾರೇ, ಅಂದರೆ ಐವರು ಪ್ರಿಯರ ಸ್ಮರಣೆ ಬರುತ್ತದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಆ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಈ ಬಾಗಿಲು ವರ್ಷಕ್ಕೊಮ್ಮೆ ತೆರೆಯುವಾಗಲೂ ಮುಚ್ಚುವಾಗಲೂ ಗುರು ಗ್ರಂಥ ಸಾಹಿಬ್‌ನ ಮುಂದೆ ನಡೆಯುವುದು ಪಂಜ್ ಪ್ಯಾರೆಯರ ಸ್ಥಾನದಲ್ಲಿ ನಿಂತ ಐವರು ಸಿಖ್ಖರು. ಹಿಮಾಲಯದ ಈ ಮೂಲೆಯಲ್ಲಿ ಬೀದರಿನ ಮಗನೊಬ್ಬನ ಸ್ಮರಣೆ ದಿನಾ ನಡೆಯುತ್ತದೆ ಎಂದು ಗೊತ್ತಿದ್ದು ನಿಂತರೆ ಅರ್ದಾಸ್‌ನ ಪಂಜಾಬಿ ಅಷ್ಟು ಪರಕೀಯವಾಗಿ ಉಳಿಯುವುದಿಲ್ಲ.

ಲಂಗರ್‌ನಲ್ಲಿ ಬಿಸಿ ಖಿಚಡಿ, ಸಿಹಿ ಚಹಾ. ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ, 86ರ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ. ಪ್ರತಿ ಚೀಲ ಅಕ್ಕಿ, ಪ್ರತಿ ಸಿಲಿಂಡರ್ ಕೆಳಗಿನಿಂದ ಬೆನ್ನಿನ ಮೇಲೆ ಬಂದದ್ದು. ಹಸಿವು ಕಾಣದಿದ್ದರೂ ಒಂದು ತಟ್ಟೆ ತಿನ್ನಬೇಕು, ಎತ್ತರಕ್ಕೆ ಹಸಿವು ಅಡಗಿರುತ್ತದೆ, ಇಳಿಯಲು ಶಕ್ತಿ ಬೇಕೇ ಬೇಕು.

ಯಾರಿಗಾದರೂ ನಡೆಯುವಾಗ ಹೆಜ್ಜೆ ತಪ್ಪುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಕೂತಾಗಲೂ ಏದುಸಿರು ನಿಲ್ಲದಿದ್ದರೆ ಅರ್ದಾಸ್‌ಗೆ ಕಾಯದೆ ಆ ಕ್ಷಣವೇ ಇಳಿಸಬೇಕು. ಆಮ್ಲಜನಕ ತಾತ್ಕಾಲಿಕ ಆಸರೆ. ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ, ಇಳಿದ ಮೇಲೂ ವೈದ್ಯರ ನೆರವು ಬೇಕು.

ಇಳಿಯಲು ಮೂರು ಗಂಟೆ. ಬೂಟಿನ ಲೇಸನ್ನು ಪಾದದ ಕೀಲಿನ ಹತ್ತಿರ ಬಿಗಿ ಮಾಡಿಕೊಳ್ಳದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ.

ಐದನೇ ದಿನ: ಮೀಸಲು, ಅಥವಾ ಹೂವಿನ ಕಣಿವೆ

ನಾಲ್ಕನೇ ದಿನ ಮಳೆ ಸುರಿದು ದಾರಿ ಮುಚ್ಚಿದ್ದರೆ ಹೇಮಕುಂಡ ಇಂದಿಗೆ. ನಿನ್ನೆಯೇ ದರ್ಶನವಾಗಿದ್ದರೆ ಹೂವಿನ ಕಣಿವೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಪಡೆದು ಬೆಳಿಗ್ಗೆ ಏಳಕ್ಕೆ ಒಳಹೊಕ್ಕರೆ ಸಾಕು. ಪುಷ್ಪಾವತಿ ಹೊಳೆ ದಾಟಿ ಸ್ವಲ್ಪ ಏರಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ, ನಿನ್ನೆಯ ಏರಿನ ಮುಂದೆ ಇದು ಸುಲಭ. 1931ರಲ್ಲಿ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ದಾರಿ ತಪ್ಪಿ ಬಂದು ಕಂಡ ಕಣಿವೆ ಇದು, 2005ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾಣ. ಒಳಗೆ ಅಂಗಡಿಯಿಲ್ಲ, ಹೇಸರಗತ್ತೆ ಇಲ್ಲ, ಬುತ್ತಿ ನೀರು ಹೊತ್ತೊಯ್ಯಬೇಕು, ಸಂಜೆಯೊಳಗೆ ಹೊರಬರಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೂವು ದಟ್ಟ. ಸೆಪ್ಟೆಂಬರ್ ಕೊನೆಗೆ ಬಂದವರು ಹೂವು ನಿರೀಕ್ಷಿಸಬಾರದು.

ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಎನ್ನುವವರಿದ್ದಾರೆ. ಎರಡೂ ಹಾಳಾಗುತ್ತವೆ.

ಆರನೇ ದಿನ: ಇಳಿದು ಬದರಿಗೆ

ಆರಕ್ಕೆ ಹೊರಟರೆ ಹತ್ತಕ್ಕೆ ಪುಲ್ನಾ. ಹೊರಡುವ ಮೊದಲು ಕಂಬಳಿ ಮಡಚಿ ತಂದ ಜಾಗಕ್ಕೇ ಒಪ್ಪಿಸಬೇಕು. ಜೀಪಿನ ಸಾಲು ಹನ್ನೊಂದರ ನಂತರ ಬೆಳೆಯುತ್ತದೆ. ಗೋವಿಂದಘಾಟ್‌ನಲ್ಲಿ ಬಿಸಿನೀರಿನ ಸ್ನಾನ, ಲಂಗರ್, ಲಗೇಜ್. ಕಬ್ಬಿಣದ ತುದಿಯ ಕೋಲನ್ನು ವಿಮಾನದೊಳಗೆ ಬಿಡುವುದಿಲ್ಲ. ಸೇತುವೆಯ ಬಳಿ ಹತ್ತಲು ಹೊರಟ ಯಾರಿಗಾದರೂ ಕೊಟ್ಟುಬಿಟ್ಟರೆ ಅದು ಮತ್ತೊಮ್ಮೆ ಮೇಲೆ ಹೋಗುತ್ತದೆ.

ಇಲ್ಲಿಂದ ಬದರಿ 25 ಕಿ.ಮೀ. ಮಾತ್ರ. ಆದರೆ ನಡುವೆ ಲಂಬಗಡ್ ಇದೆ, ಮಳೆಯಲ್ಲಿ ಕಲ್ಲು ಉರುಳುವ ಜಾಗ. ಮಧ್ಯಾಹ್ನ ಎರಡರ ಒಳಗೆ ಹೊರಟರೆ ಸಂಜೆ ದರ್ಶನ ಸಿಗುತ್ತದೆ. ಈ ನಾಲ್ಕು ದಿನದಲ್ಲಿ ಎತ್ತರಕ್ಕೆ ಒಗ್ಗಿದ ದೇಹಕ್ಕೆ ಬದರಿಯ 3,100 ಮೀಟರ್ ಹಗುರ. ಬದರಿ ಮೊದಲು, ಹೇಮಕುಂಡ ಆಮೇಲೆ ಎಂಬ ಕ್ರಮವೂ ಒಳ್ಳೆಯದೇ, ಅಲ್ಲಿ ಒಂದು ರಾತ್ರಿ ಮಲಗಿದ್ದು ಇಲ್ಲಿನ ಏರಿಗೆ ಸಹಾಯವಾಗುತ್ತದೆ. ಮಂಡಿ ನೋವು ಶುರುವಾದ ಮೇಲೆ ಬದರಿಯ ಗಡಿಬಿಡಿ ಬೇಡ ಅನ್ನುವ ಹಿರಿಯರಿದ್ದರೆ ಆ ಕ್ರಮವನ್ನೇ ಆರಿಸಿಕೊಳ್ಳಿ.

ಏಳನೇ ದಿನ: ವಾಪಸು

ಬದರಿಯಿಂದ ಋಷಿಕೇಶಕ್ಕೆ 300 ಕಿ.ಮೀ.ಗೆ ಸ್ವಲ್ಪ ಕಡಿಮೆ. ಗಾಡಿ ಬಿಡುವ ಹೊತ್ತಿಗೇ ಹೊರಟು ಸಿರೋಬಗಡ್ ಅನ್ನು ಮಧ್ಯಾಹ್ನ ಮೂರರ ಒಳಗೆ ದಾಟಿದರೆ ಕತ್ತಲಿಗೆ ಮುಂಚೆ ದೇವಪ್ರಯಾಗ. ಮಳೆಗಾಲವಾದರೆ ಶ್ರೀನಗರದಲ್ಲಿ ಉಳಿಯುವುದಕ್ಕೂ ಮನಸ್ಸು ಸಿದ್ಧವಿರಲಿ. ಊರಿಗೆ ಮರಳುವ ವಿಮಾನ, ರೈಲಿನ ಟಿಕೆಟ್ ಈ ರಾತ್ರಿಗೆ ಬೇಡ. ಎಂಟನೇ ದಿನ ಸಂಜೆಗಿರಲಿ, ಜುಲೈ ಆಗಸ್ಟ್‌ನಲ್ಲಿ ಒಂಬತ್ತನೇ ದಿನಕ್ಕೆ.